ಕಾರಿನ ಹೆಸರು ಮಾರಾಟವಾದಾಗ ನಕ್ಷೆ ಯಾರ ಪಾಲಿಗೆ?

ಬೆಂಗಳೂರಿನವರಿಗೆ ವೋಲ್ವೊ ಎಂದರೆ ಮೊದಲು ನೆನಪಾಗುವುದು ಬಸ್ಸು. ರಾತ್ರಿ ಮೆಜೆಸ್ಟಿಕ್‌ನಿಂದ ಹೊರಡುವ ಐರಾವತ, ವಿಮಾನ ನಿಲ್ದಾಣಕ್ಕೆ ಹೋಗುವ ವಾಯುವಜ್ರ ಎಲ್ಲವೂ ನಮ್ಮ ಬಾಯಲ್ಲಿ ವೋಲ್ವೊಗಳೇ. ಬೇರೆ ಕಂಪನಿಯ ಎ.ಸಿ. ಬಸ್ಸು ಬಂದು ನಿಂತರೂ 'ವೋಲ್ವೊ ಬಂತು' ಎನ್ನುವವರಿದ್ದಾರೆ. ಅದೇ ಹೆಸರಿನ, ಮೂತಿಯ ಮೇಲೆ ಅದೇ ಓರೆಗೆರೆಯ ಲಾಂಛನ ಹೊತ್ತ ಕಾರೊಂದು ಸಿಗ್ನಲ್ಲಿನಲ್ಲಿ ಆ ಬಸ್ಸಿನ ಪಕ್ಕ ನಿಂತಾಗ ಎರಡೂ ಒಂದೇ ಮನೆಯವು ಎಂದುಕೊಳ್ಳುವುದು ಸಹಜ. ಆದರೆ 1999ರಿಂದ ಅವು ಬೇರೆ ಬೇರೆ ಮನೆಯವು. ಬಸ್ಸು, ಲಾರಿಗಳನ್ನು ತಯಾರಿಸುವ ಸ್ವೀಡನ್ನಿನ ಎಬಿ ವೋಲ್ವೊ ಆ ವರ್ಷ ತನ್ನ ಕಾರು ವಿಭಾಗವನ್ನು ಅಮೆರಿಕದ ಫೋರ್ಡ್‌ಗೆ 645 ಕೋಟಿ ಡಾಲರಿಗೆ ಮಾರಿತು. ಫೋರ್ಡ್ ಅದನ್ನು 2010ರಲ್ಲಿ ಚೀನಾದ ಗೀಲಿಗೆ ಮಾರಿತು. ಹೆಸರಿನ ಹಕ್ಕು ಮಾತ್ರ ಕಾರಿನವರೂ ಬಸ್ಸಿನವರೂ ಸಮಪಾಲು ಇಟ್ಟುಕೊಂಡಿರುವ ಪ್ರತ್ಯೇಕ ಸಂಸ್ಥೆಯೊಂದರ ಕೈಯಲ್ಲಿದೆ. ಆಸ್ತಿ ಪಾಲಾದ ಮೇಲೂ ಅಣ್ಣತಮ್ಮಂದಿರಿಬ್ಬರೂ ಮನೆತನದ ಹೆಸರನ್ನು ಉಳಿಸಿಕೊಂಡಂತೆ.

ಕಾರಿನ ಬ್ರ್ಯಾಂಡೊಂದು ಕೈ ಬದಲಾದಾಗಲೆಲ್ಲ ಸುದ್ದಿಯಾಗುವುದು ಎರಡೇ ಸಂಗತಿ: ಕೊಂಡವನು ಯಾವ ದೇಶದವನು, ಎಷ್ಟು ಕೊಟ್ಟ. ಮುಂದೆ ಆ ಹೆಸರಿನಲ್ಲಿ ಎಂಥ ಕಾರುಗಳು ಬರುತ್ತವೆ ಎಂಬುದನ್ನು ಈ ಎರಡರಿಂದ ಊಹಿಸಲಾಗದು. ಅದನ್ನು ನಿರ್ಧರಿಸುವ ವಿವರಗಳು ಒಪ್ಪಂದದ ಅನುಬಂಧಗಳಲ್ಲಿರುತ್ತವೆ. ಕಾರಿನ ನಕ್ಷೆ ಯಾರ ಹೆಸರಿನಲ್ಲಿದೆ, ಎಂಜಿನ್ನನ್ನು ಇನ್ನೆಷ್ಟು ವರ್ಷ ಯಾರು ಪೂರೈಸುತ್ತಾರೆ, ಹಳೆಯ ಒಡೆಯನ ಒಪ್ಪಿಗೆಯಿಲ್ಲದೆ ಏನನ್ನು ಮಾಡುವಂತಿಲ್ಲ ಎಂಬ ನೀರಸ ವಿವರಗಳವು. 2008ರ ಆರ್ಥಿಕ ಕುಸಿತದ ಆಸುಪಾಸಿನಲ್ಲಿ ಅಮೆರಿಕದ ಎರಡು ಕಂಪನಿಗಳು ಯುರೋಪಿನ ತಮ್ಮ ಬ್ರ್ಯಾಂಡುಗಳನ್ನು ಒಂದರ ಹಿಂದೊಂದರಂತೆ ಕೈಬಿಟ್ಟವು. ಫೋರ್ಡ್ 2008ರಲ್ಲಿ ಜಾಗ್ವಾರ್ ಮತ್ತು ಲ್ಯಾಂಡ್ ರೋವರ್‌ಗಳನ್ನು ಟಾಟಾ ಮೋಟಾರ್ಸ್‌ಗೆ, 2010ರಲ್ಲಿ ವೋಲ್ವೊವನ್ನು ಗೀಲಿಗೆ ಕೊಟ್ಟಿತು. ಜನರಲ್ ಮೋಟಾರ್ಸ್ ಅದೇ 2010ರಲ್ಲಿ ಸಾಬ್ ಅನ್ನು ಹಾಲೆಂಡಿನ ಸ್ಪೈಕರ್‌ಗೆ ಕೊಟ್ಟಿತು. ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಮಾರಾಟವಾದ ಇವುಗಳಲ್ಲಿ ಕೆಲವು ಬೆಳೆದವು, ಒಂದು ಎರಡೇ ವರ್ಷದೊಳಗೆ ದಿವಾಳಿಯಾಯಿತು. ಆ ವ್ಯತ್ಯಾಸ ಎಲ್ಲಿಂದ ಬಂತೆಂದು ನೋಡಿದರೆ ಇಂದು ನಡೆಯುತ್ತಿರುವ ಮಾರಾಟಗಳನ್ನು ಓದುವ ಬಗೆಯೂ ತಿಳಿಯುತ್ತದೆ.

ಇಲ್ಲಿ 'ಪ್ಲಾಟ್‌ಫಾರ್ಮ್' ಎಂಬ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಾರಿನ ತಳ, ಎಂಜಿನ್ ಕೂರುವ ಜಾಗ, ಸಸ್ಪೆನ್ಷನ್ ಜೋಡಣೆಯಾಗುವ ಬಿಂದುಗಳು, ಡಿಕ್ಕಿಯಾದಾಗ ಪೆಟ್ಟನ್ನು ಹೀರಿಕೊಳ್ಳುವ ಚೌಕಟ್ಟು, ವೈರಿಂಗಿನ ವಿನ್ಯಾಸ ಇವೆಲ್ಲ ಸೇರಿದ ತಳಹದಿಗೆ ಆ ಹೆಸರು. ಒಂದೇ ಹಿಟ್ಟಿನಲ್ಲಿ ದೋಸೆಯನ್ನೂ ಹುಯ್ಯಬಹುದು, ಪಡ್ಡನ್ನೂ ಹಾಕಬಹುದು ಎಂಬಂತೆ ಒಂದೇ ಪ್ಲಾಟ್‌ಫಾರ್ಮಿನ ಮೇಲೆ ನೋಡಲು ಸಂಬಂಧವೇ ಇಲ್ಲದ ನಾಲ್ಕಾರು ಕಾರುಗಳನ್ನು ಕಟ್ಟಬಹುದು. ಹೊಸದಾಗಿ ಒಂದನ್ನು ರೂಪಿಸಲು ಹಣದ ಜೊತೆಗೆ ವರ್ಷಗಳೂ ಬೇಕು. ಆ ಖರ್ಚು ಹುಟ್ಟಬೇಕಾದರೆ ಅದರ ಮೇಲೆ ಲಕ್ಷಗಟ್ಟಲೆ ಕಾರುಗಳು ಮಾರಾಟವಾಗಬೇಕು. ಹಾಗಾಗಿಯೇ ಸಣ್ಣ ಬ್ರ್ಯಾಂಡುಗಳು ದೊಡ್ಡ ಮನೆಯ ಆಶ್ರಯ ಬಯಸುತ್ತವೆ, ಆಶ್ರಯ ಸಿಕ್ಕಿದ ಮೇಲೆ ಆ ಮನೆಯ ಹಿಟ್ಟನ್ನೇ ಬಳಸಬೇಕಾಗುತ್ತದೆ. ಫೋರ್ಡ್ ಕೈಯಲ್ಲಿದ್ದಾಗ ವೋಲ್ವೊದ ಎರಡನೆಯ ತಲೆಮಾರಿನ ಎಸ್40 ನಿಂತಿದ್ದು ಫೋರ್ಡ್ ಫೋಕಸ್ ಮತ್ತು ಮಜ್ದಾ 3ರ ಜೊತೆ ಹಂಚಿಕೊಂಡ ತಳಹದಿಯ ಮೇಲೆ. ಜಾಗ್ವಾರ್‌ನ ಎಕ್ಸ್-ಟೈಪ್ ಅನ್ನು ಫೋರ್ಡ್ ಮಾಂಡಿಯೊ ತಳಹದಿಯಿಂದ ಬೆಳೆಸಿದ್ದು ಬ್ರಿಟನ್ನಿನ ಕಾರುಪ್ರಿಯರ ಕಣ್ಣಿಗೆ ಬಿದ್ದು, ಆ ಕಾರಿಗೆ ಅಂಟಿದ 'ವೇಷ ಹಾಕಿದ ಫೋರ್ಡ್' ಎಂಬ ಅಪವಾದ ಕೊನೆಯವರೆಗೂ ಬಿಡಲಿಲ್ಲ. ಓಡಿಸಲು ಅದೇನೂ ಕೆಟ್ಟ ಕಾರಾಗಿರಲಿಲ್ಲ ಎಂಬುದನ್ನೂ ಹೇಳಬೇಕು.

ಒಡೆತನ ಬದಲಾದ ಮರುದಿನವೇ ಕಾರು ಬದಲಾಗುವುದಿಲ್ಲ. ಹೊಸ ಮಾದರಿಯೊಂದು ಕಾಗದದಿಂದ ಶೋರೂಮಿಗೆ ಬರಲು ನಾಲ್ಕೈದು ವರ್ಷ ಹಿಡಿಯುವುದರಿಂದ, ಹೊಸ ಒಡೆಯನ ಮೊದಲ ಯಶಸ್ಸುಗಳು ಸಾಮಾನ್ಯವಾಗಿ ಹಳೆಯವನು ಬಿತ್ತಿದ ಬೆಳೆ. ಟಾಟಾ 230 ಕೋಟಿ ಡಾಲರ್ ಕೊಟ್ಟು ಜಾಗ್ವಾರ್ ಲ್ಯಾಂಡ್ ರೋವರ್ ಕೊಳ್ಳುವ ವ್ಯವಹಾರ ಮುಗಿದದ್ದು 2008ರ ಜೂನ್ 2ರಂದು. ಆ ಕಂಪನಿಯ ದೆಸೆ ತಿರುಗಿಸಿದ ಕಾರೆಂದು ಎಲ್ಲರೂ ಹೆಸರಿಸುವ ರೇಂಜ್ ರೋವರ್ ಇವೋಕ್ ಮಾರುಕಟ್ಟೆಗೆ ಬಂದದ್ದು 2011ರಲ್ಲಿ. ಆದರೆ ಅದರ ಮೂಲರೂಪವಾದ ಎಲ್‌ಆರ್‌ಎಕ್ಸ್ ಅನ್ನು ಡೆಟ್ರಾಯಿಟ್ ಪ್ರದರ್ಶನದಲ್ಲಿ ಜನ ನೋಡಿದ್ದು 2008ರ ಜನವರಿಯಲ್ಲೇ, ಅಂದರೆ ಒಡೆಯ ಇನ್ನೂ ಫೋರ್ಡ್ ಆಗಿದ್ದಾಗ. ಅದರ ತಳಹದಿಯೂ ಫೋರ್ಡ್ ಕಾಲದ ಫ್ರೀಲ್ಯಾಂಡರ್ 2ರಿಂದ ಬಂದದ್ದು. ಜಾಗ್ವಾರ್ ಎಕ್ಸ್‌ಎಫ್ ಕೂಡ ಹಾಗೆಯೇ, ಫೋರ್ಡ್ ಕಾಲದಲ್ಲಿ ಅನಾವರಣಗೊಂಡು ಟಾಟಾ ಕಾಲದಲ್ಲಿ ಹೆಸರು ಮಾಡಿತು. ಹಾಗೆಂದು ಟಾಟಾದವರ ಪಾತ್ರ ಸಣ್ಣದೆನ್ನಲಾಗದು. 2008–09ರಲ್ಲಿ ಕಾರು ಮಾರಾಟವೇ ಕುಸಿದು ಕೈಯಲ್ಲಿ ಕಾಸಿಲ್ಲದಿದ್ದಾಗ ಇವೋಕ್‌ನಂಥ ಯೋಜನೆಯನ್ನು ಕಪಾಟಿಗೆ ಸೇರಿಸಿ ಉಳಿತಾಯ ತೋರಿಸುವುದು ಸುಲಭವಿತ್ತು. ಅದನ್ನು ನಿಲ್ಲಿಸದೆ ಹಣ ಹರಿಯಬಿಟ್ಟದ್ದು ಒಡೆಯನ ನಿರ್ಧಾರವೇ.

ಹಳೆಯ ಮನೆಯ ಋಣ ಎಷ್ಟು ದೂರದವರೆಗೆ ಹರಿಯುತ್ತದೆಂಬುದಕ್ಕೆ ಎಂಜಿನ್ನುಗಳ ಕತೆಯನ್ನೇ ನೋಡಬಹುದು. ಜಾಗ್ವಾರ್ ಲ್ಯಾಂಡ್ ರೋವರ್ ತನ್ನದೇ ಆದ ಇಂಜೀನಿಯಂ ಎಂಜಿನ್ನುಗಳ ಕಾರ್ಖಾನೆಯನ್ನು ವೂಲ್ವರ್‌ಹ್ಯಾಂಪ್ಟನ್‌ನಲ್ಲಿ ಆರಂಭಿಸಿದ್ದು 2014ರಲ್ಲಿ, ಎಂದರೆ ಕೈ ಬದಲಾದ ಆರು ವರ್ಷಗಳ ಮೇಲೆ. ಅದರ ದೊಡ್ಡ ಪೆಟ್ರೋಲ್ ಎಂಜಿನ್ನುಗಳಂತೂ ವೇಲ್ಸ್‌ನ ಬ್ರಿಜೆಂಡ್‌ನಲ್ಲಿದ್ದ ಫೋರ್ಡ್ ಕಾರ್ಖಾನೆಯಲ್ಲೇ 2020ರವರೆಗೂ ತಯಾರಾಗುತ್ತಿದ್ದವು. ಬ್ರ್ಯಾಂಡನ್ನು ಮಾರಿದ ಹನ್ನೆರಡು ವರ್ಷ ಫೋರ್ಡ್‌ನವರು ಅದರ ಹೃದಯವನ್ನು ಮಾಡಿಕೊಡುತ್ತಲೇ ಇದ್ದರು. ಮಾರಾಟಪತ್ರದಲ್ಲಿ ಪೂರೈಕೆಯ ಮಾತು ಗಟ್ಟಿಯಾಗಿ ಬರೆಯಲ್ಪಟ್ಟಿದ್ದರಿಂದಲೇ ಹೊಸ ಒಡೆಯನಿಗೆ ಉಸಿರಾಡಲು ಅಷ್ಟು ಕಾಲ ಸಿಕ್ಕಿತು.

ಸಾಬ್‌ಗೆ ಆ ಉಸಿರೇ ಸಿಗಲಿಲ್ಲ. ಸ್ವೀಡನ್ನಿನ ಟ್ರೋಲ್‌ಹೆಟ್ಟನ್ ಪಟ್ಟಣದ ಈ ಕಂಪನಿ ವಿಮಾನ ತಯಾರಕರ ಮನೆಯಲ್ಲಿ ಹುಟ್ಟಿದ್ದು. ಅದರ ಕಾರುಗಳಲ್ಲಿ ಕೀಲಿ ತೂರಿಸುವ ಜಾಗ ಸ್ಟೀರಿಂಗಿನ ಬಳಿ ಇರದೆ ಮುಂದಿನ ಎರಡು ಸೀಟುಗಳ ನಡುವೆ, ಗೇರಿನ ಪಕ್ಕದಲ್ಲಿರುತ್ತಿತ್ತು. ಜನರಲ್ ಮೋಟಾರ್ಸ್ 1990ರಲ್ಲಿ ಅರ್ಧ ಪಾಲನ್ನು, 2000ದಲ್ಲಿ ಪೂರ್ತಿಯನ್ನು ತೆಗೆದುಕೊಂಡ ಮೇಲೆ ಸಾಬ್ ಕಾರುಗಳು ಒಪೆಲ್ ವೆಕ್ಟ್ರಾದ ತಳಹದಿಗೆ ಬಂದವು. ಅಮೆರಿಕದ ಮಾರುಕಟ್ಟೆಗೆಂದು 9-2ಎಕ್ಸ್ ಎಂಬ ಹೆಸರಿನಲ್ಲಿ ಸುಬಾರು ಇಂಪ್ರೆಜಾವನ್ನು, 9-7ಎಕ್ಸ್ ಎಂಬ ಹೆಸರಿನಲ್ಲಿ ಷೆವ್ರೊಲೆಯ ಟ್ರೇಲ್‌ಬ್ಲೇಜರ್ ಅನ್ನು ಮಾರಲಾಯಿತು. ಆ 9-7ಎಕ್ಸ್‌ನಲ್ಲಿ ಕೀಲಿಯ ಜಾಗವನ್ನು ಮಾತ್ರ ಮರೆಯದೆ ಸೀಟುಗಳ ನಡುವೆ ಇಟ್ಟಿದ್ದರು. ಬ್ರ್ಯಾಂಡಿನ ಆತ್ಮವೆಂದರೆ ಕೀಲಿಯ ಕಿಂಡಿ ಎಂದು ಯಾರೋ ಸಭೆಯಲ್ಲಿ ಕೂತು ತೀರ್ಮಾನಿಸಿದಂತೆ ಕಾಣುವ ಆ ಕಾರು, ದೊಡ್ಡ ಮನೆ ಸಣ್ಣ ಹೆಸರನ್ನು ಹೇಗೆ ಅರ್ಥಮಾಡಿಕೊಳ್ಳುತ್ತದೆ ಎಂಬುದಕ್ಕೆ ನಾನು ಕಂಡ ಅತ್ಯಂತ ಖೇದಕರ ಉದಾಹರಣೆ.

ಮಾರಾಟದ ಹೊತ್ತಿಗೆ ಆದದ್ದು ಇನ್ನೂ ಮುಖ್ಯ. 2009ರ ಡಿಸೆಂಬರಿನಲ್ಲಿ ಸಾಬ್‌ನ ಹಳೆಯ 9-3 ಮತ್ತು 9-5 ಮಾದರಿಗಳ ತಂತ್ರಜ್ಞಾನವನ್ನು ಚೀನಾದ ಬೀಜಿಂಗ್ ಆಟೊಮೋಟಿವ್ ಕೊಂಡುಕೊಂಡಿತು. ಹೊಸ 9-5 ನಿಂತಿದ್ದ ತಳಹದಿ ಜನರಲ್ ಮೋಟಾರ್ಸ್‌ನದು. ಅದರ ಬಳಕೆಗೆ ಸಿಕ್ಕಿದ್ದು ಪರವಾನಗಿ ಮಾತ್ರ. ವರ್ಷಕ್ಕೆ ಕೆಲವೇ ಹತ್ತಾರು ಐಷಾರಾಮಿ ಕಾರು ಮಾಡುತ್ತಿದ್ದ ಸ್ಪೈಕರ್, 7.4 ಕೋಟಿ ಡಾಲರ್ ನಗದು ಮತ್ತು ಷೇರುಗಳ ಲೆಕ್ಕದಲ್ಲಿ 2010ರ ಫೆಬ್ರುವರಿಯಲ್ಲಿ ಕಾರ್ಖಾನೆಯನ್ನೂ ಹೆಸರನ್ನೂ ತೆಗೆದುಕೊಂಡಿತು. 2011ರ ಏಪ್ರಿಲ್‌ನಲ್ಲಿ ಬಿಡಿಭಾಗದವರಿಗೆ ಬಾಕಿ ತೀರಿಸಲಾಗದೆ ಕಾರ್ಖಾನೆ ನಿಂತಿತು. ಆಗ ಹಣ ಹಾಕಲು ಚೀನಾದ ಕಂಪನಿಗಳು ಮುಂದೆ ಬಂದವು. ಹಣವಿತ್ತು, ಕಾರ್ಖಾನೆಯಿತ್ತು, ಕೆಲಸಗಾರರಿದ್ದರು. ಆದರೆ ಒಡೆತನ ಚೀನಾದವರ ಕೈಗೆ ಹೋದರೆ ತನ್ನ ತಂತ್ರಜ್ಞಾನದ ಪರವಾನಗಿಯನ್ನು ಮುಂದುವರಿಸುವುದಿಲ್ಲ ಎಂದು ಜನರಲ್ ಮೋಟಾರ್ಸ್ ಖಡಾಖಂಡಿತವಾಗಿ ಹೇಳಿತು. ಶಾಂಘೈನಲ್ಲಿ ಎಸ್‌ಎಐಸಿ ಎಂಬ ಚೀನೀ ಕಾರು ಕಂಪನಿಯ ಜೊತೆ ಅದಕ್ಕಿದ್ದ ಪಾಲುದಾರಿಕೆಗೆ ಧಕ್ಕೆಯಾಗಬಾರದೆಂಬುದು ಅದರ ಲೆಕ್ಕ. 2011ರ ಡಿಸೆಂಬರ್ 19ರಂದು ಸಾಬ್ ದಿವಾಳಿ ಅರ್ಜಿ ಸಲ್ಲಿಸಿತು. ಮರುವರ್ಷ ಆಸ್ತಿಯನ್ನು ಕೊಂಡ ನೆವ್ಸ್ ಎಂಬ ಕಂಪನಿಗೆ ಹೊಸ 9-5 ಮಾಡುವ ಹಕ್ಕು ಬರಲಿಲ್ಲ, ಹಳೆಯ 9-3 ಅಷ್ಟೇ ಬಂತು. 2014ರಲ್ಲಿ ಸಾಬ್ ಎಂಬ ಹೆಸರನ್ನು ಬಳಸುವ ಅನುಮತಿಯೂ ಹೋಯಿತು. ಒಂದು ಬ್ರ್ಯಾಂಡಿನ ನಕ್ಷೆ, ಪರವಾನಗಿ, ಗೋಡೆ, ಹೆಸರು ನಾಲ್ಕೂ ಹೀಗೆ ನಾಲ್ಕು ದಿಕ್ಕಿಗೆ ಹೋದ ಮೇಲೆ ಹೊಸ ಮಾದರಿಯ ಮಾತೆಲ್ಲಿ?

ಅದೇ ಸ್ವೀಡನ್ನಿನ ಪಶ್ಚಿಮ ಭಾಗದಲ್ಲಿ, ರೈಲಿನಲ್ಲಿ ಒಂದು ತಾಸಿಗೂ ಕಡಿಮೆ ದೂರದ, ವೋಲ್ವೊದ ನೆಲೆಯಾದ ಯೊಟೆಬೊರಿಯಲ್ಲಿ, 2010ರಲ್ಲೇ ಇನ್ನೊಂದು ಬಗೆಯ ವ್ಯವಹಾರ ನಡೆಯಿತು. ಗೀಲಿ ಆಗ ಕಾರು ಮಾಡತೊಡಗಿ ಹದಿನೈದು ವರ್ಷವೂ ಆಗಿರದ, ಅಗ್ಗದ ಕಾರುಗಳ ಕಂಪನಿ. ಅದರ ಸ್ಥಾಪಕ ಲಿ ಶುಫು ವೋಲ್ವೊವನ್ನು ಕೊಳ್ಳುತ್ತಾರೆಂದಾಗ ಸ್ವೀಡನ್ನಿನಲ್ಲಿ ಅನುಮಾನವೇ ಹೆಚ್ಚಿತ್ತು. ಒಪ್ಪಿತ ಬೆಲೆ 180 ಕೋಟಿ ಡಾಲರ್, ಫೋರ್ಡ್ ಕೊಟ್ಟಿದ್ದರ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ. ಆದರೆ ಆ ವ್ಯವಹಾರದಲ್ಲಿ ಎಂಜಿನ್ ಮತ್ತು ಬಿಡಿಭಾಗಗಳನ್ನು ನಿಗದಿತ ಕಾಲದವರೆಗೆ ಪೂರೈಸಲು ಫೋರ್ಡ್ ಒಪ್ಪಿತ್ತು, ಎಂಜಿನಿಯರುಗಳ ಪಡೆ ಯೊಟೆಬೊರಿಯಲ್ಲೇ ಉಳಿದಿತ್ತು. ಗೀಲಿ ಗೀಲಿಯೇ, ವೋಲ್ವೊ ವೋಲ್ವೊವೇ ಎಂದು ಲಿ ಶುಫು ಪದೇ ಪದೇ ಹೇಳಿದರು. ಇಂಥ ಮಾತುಗಳನ್ನು ಕೊಂಡವರೆಲ್ಲರೂ ಆಡುತ್ತಾರೆ; ಅದು ನಿಜವೋ ಅಲ್ಲವೋ ಎಂಬುದು ಪ್ಲಾಟ್‌ಫಾರ್ಮಿಗೆ ಸುರಿಯುವ ಹಣದಲ್ಲಿ ಗೊತ್ತಾಗುತ್ತದೆ. ಗೀಲಿಯ ಆಶ್ರಯದಲ್ಲಿ ವೋಲ್ವೊ 1,100 ಕೋಟಿ ಡಾಲರುಗಳ ಹೂಡಿಕೆಯ ಯೋಜನೆ ಹಾಕಿಕೊಂಡು, ಫೋರ್ಡ್‌ನ ಹಂಗಿಲ್ಲದ ಎಸ್‌ಪಿಎ ಎಂಬ ತಳಹದಿಯನ್ನು ತಾನೇ ರೂಪಿಸಿತು. ಅದರ ಜೊತೆಗೆ, ತನ್ನ ಗುರುತೇ ಆಗಿದ್ದ ಐದು ಸಿಲಿಂಡರಿನ ಎಂಜಿನ್ನನ್ನೂ ಆರು, ಎಂಟು ಸಿಲಿಂಡರಿನವನ್ನೂ ಕೈಬಿಟ್ಟು, ಇನ್ನು ಮುಂದೆ ನಾಲ್ಕು ಸಿಲಿಂಡರಿಗಿಂತ ದೊಡ್ಡದನ್ನು ಮಾಡುವುದಿಲ್ಲ ಎಂಬ ಕಠಿಣ ತೀರ್ಮಾನಕ್ಕೆ ಬಂತು. ಐಷಾರಾಮಿ ಕಾರೆಂದರೆ ಸಿಲಿಂಡರುಗಳ ಎಣಿಕೆ ಎಂದು ನಂಬಿದ್ದ ಮಾರುಕಟ್ಟೆಯಲ್ಲಿ ಇದು ದೊಡ್ಡ ಜೂಜು.

ಫಲ ಕಂಡದ್ದು 2014ರ ಆಗಸ್ಟಿನಲ್ಲಿ ಅನಾವರಣವಾದ ಎರಡನೆಯ ತಲೆಮಾರಿನ ಎಕ್ಸ್‌ಸಿ90ಯಲ್ಲಿ. ಮೊದಲ ಎಕ್ಸ್‌ಸಿ90 ಬಂದದ್ದು 2002ರಲ್ಲಿ. ಹನ್ನೆರಡು ವರ್ಷ ಅದಕ್ಕೆ ಉತ್ತರಾಧಿಕಾರಿಯೇ ಇರಲಿಲ್ಲ ಎಂಬುದು ಫೋರ್ಡ್ ಕಾಲದ ಕೊನೆಯ ವರ್ಷಗಳ ಬಗ್ಗೆ ಹೇಳಬೇಕಾದ್ದನ್ನೆಲ್ಲ ಹೇಳುತ್ತದೆ. ಹೊಸ ಕಾರಿನ ಮುಂದಿನ ಸೀಟಿನ ಅಂಚಿನಲ್ಲಿ ಬಟ್ಟೆಯ ಚೀಟಿಯಷ್ಟು ಸಣ್ಣದಾದ ಸ್ವೀಡನ್ನಿನ ಬಾವುಟವನ್ನು ಹೊಲಿದಿದ್ದಾರೆ. ಸೀಟ್‌ಬೆಲ್ಟಿನ ಬಕಲ್ ಮೇಲೆ '1959ರಿಂದ' ಎಂಬರ್ಥದ ಇಂಗ್ಲಿಷ್ ಅಕ್ಷರಗಳಿವೆ. ವೋಲ್ವೊದ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದ ಮೂರು ಬಿಂದುವಿನ ಸೀಟ್‌ಬೆಲ್ಟ್ ಕಾರಿಗೆ ಬಂದ ವರ್ಷವದು. ಫೋರ್ಡ್ ಕಾಲದ ವೋಲ್ವೊಗಳಿಗೆ ತಾವು ಸ್ವೀಡನ್ನಿನವೆಂದು ಹೀಗೆ ಹೊಲಿದು ಹೇಳಿಕೊಳ್ಳುವ ಅಗತ್ಯ ಕಂಡಿರಲಿಲ್ಲ. ಒಡೆಯ ಚೀನಾದವನಾದ ಮೇಲೆ ಕಾರು ಹಿಂದಿಗಿಂತ ಹೆಚ್ಚು ಸ್ವೀಡಿಷ್ ಆಯಿತು, ಮತ್ತು ಅದು ಬರೀ ತೋರಿಕೆಯೂ ಆಗಿರಲಿಲ್ಲ. 2010ರಲ್ಲಿ 3.73 ಲಕ್ಷದಷ್ಟಿದ್ದ ವೋಲ್ವೊ ಕಾರುಗಳ ವಾರ್ಷಿಕ ಮಾರಾಟ 2024ರಲ್ಲಿ 7.63 ಲಕ್ಷ ತಲುಪಿತು. 2017ರಿಂದ ನಮ್ಮ ಹೊಸಕೋಟೆಯಲ್ಲೂ ವೋಲ್ವೊ ಕಾರುಗಳ ಜೋಡಣೆ ನಡೆಯುತ್ತಿದೆ. ಅಲ್ಲಿ ಮೊದಲು ಜೋಡಣೆಯಾದದ್ದು ಇದೇ ಎಕ್ಸ್‌ಸಿ90.

ಇಷ್ಟು ಸ್ವಾತಂತ್ರ್ಯವನ್ನು ಎಲ್ಲ ಒಡೆಯರೂ ಕೊಡುವುದಿಲ್ಲ, ಕೊಡದಿರುವುದು ಯಾವಾಗಲೂ ತಪ್ಪೂ ಅಲ್ಲ. ಜರ್ಮನಿಯ ಒಪೆಲ್ ಅನ್ನು ಫ್ರಾನ್ಸಿನ ಪಿಎಸ್‌ಎ ಸಮೂಹ 2017ರಲ್ಲಿ ಜನರಲ್ ಮೋಟಾರ್ಸ್‌ನಿಂದ ಕೊಂಡಾಗ, ಮುಂದಿನ ಕೋರ್ಸಾದ ಕೆಲಸ ಹಳೆಯ ಒಡೆಯನ ತಳಹದಿಯ ಮೇಲೆ ಬಹಳಷ್ಟು ಮುಂದುವರಿದಿತ್ತು. ಅದನ್ನು ಅಲ್ಲಿಗೇ ಬದಿಗಿರಿಸಿ, ಪ್ಯೂಜೊ 208ರ ತಳಹದಿಯ ಮೇಲೆ ಹೊಸದಾಗಿ ಆರಂಭಿಸಿ, 2019ರಲ್ಲಿ ಹೊಸ ಕೋರ್ಸಾವನ್ನು ತಂದರು. ಪ್ರತಿ ಕಾರಿನ ಮೇಲೂ ಹಳೆಯ ಮನೆಗೆ ಪರವಾನಗಿ ಶುಲ್ಕ ಕಟ್ಟುತ್ತ ಕೂರುವುದಕ್ಕಿಂತ ಮಾಡಿದ ಕೆಲಸವನ್ನು ಬಿಸಾಡುವುದೇ ಅಗ್ಗವೆಂಬ ಲೆಕ್ಕ. ವರ್ಷಗಟ್ಟಲೆ ನಷ್ಟದಲ್ಲಿದ್ದ ಒಪೆಲ್ 2018ರಲ್ಲೇ ಲಾಭ ತೋರಿಸಿತು. ಆದರೆ ಇಂದು ಕೋರ್ಸಾ ಮತ್ತು 208ರ ನಡುವೆ ಮೂತಿ, ಸೀಟು, ಸಸ್ಪೆನ್ಷನ್ನಿನ ಹದ ಇವನ್ನು ಬಿಟ್ಟು ಆರಿಸಲು ಹೆಚ್ಚೇನಿಲ್ಲ.

ಎಂಜಿಯದು ಇದರ ಇನ್ನೊಂದು ತುದಿ. ಬ್ರಿಟನ್ನಿನ ಎಂಜಿ ರೋವರ್ 2005ರಲ್ಲಿ ಮುಳುಗಿದ ಮೇಲೆ ಆ ಹೆಸರು ಕೊನೆಗೆ ಶಾಂಘೈನ ಎಸ್‌ಎಐಸಿ ಪಾಲಾಯಿತು. 2019ರಲ್ಲಿ ಅದು ಭಾರತಕ್ಕೆ ತಂದ ಹೆಕ್ಟರ್, ಚೀನಾದಲ್ಲಿ ಬಾವೊಜುನ್ 530 ಎಂದು ಮಾರಾಟವಾಗುತ್ತಿದ್ದ ಕಾರು. 2024ರ ವಿಂಡ್ಸರ್ ಅಲ್ಲಿನ ವೂಲಿಂಗ್ ಕಂಪನಿಯ ವಿದ್ಯುತ್ ಕಾರು. ಬ್ರಿಟನ್ನಿನ ಅರಮನೆಯ ಹೆಸರು ಹೊತ್ತು ಗುಜರಾತಿನ ಹಾಲೋಲ್‌ನಲ್ಲಿ ತಯಾರಾಗುವ ಚೀನೀ ಮೂಲದ ಕಾರಿನಲ್ಲಿ ಹಳೆಯ ಎಂಜಿಯ ಒಂದು ಬೋಲ್ಟೂ ಇಲ್ಲ. ಕಾರು ಚೆನ್ನಾಗಿದ್ದರೆ ಅದರಿಂದ ಕೊಳ್ಳುವವನಿಗೆ ನಷ್ಟವೇನೂ ಇಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಜಾಹೀರಾತು ನೂರು ವರ್ಷದ ಪರಂಪರೆಯ ಮಾತಾಡುವಾಗ ಅದು ಲಾಂಛನದ ಪರಂಪರೆಯೇ ಹೊರತು ಕಾರಿನದಲ್ಲ.

ತಳಹದಿ ಮೇಲಿಂದ ಕೆಳಗೆ ಮಾತ್ರ ಹರಿಯಬೇಕೆಂದೇನೂ ಇಲ್ಲ. ಕೊಂಡುಕೊಂಡ ಬ್ರ್ಯಾಂಡಿನ ವಿದ್ಯೆ ಕೊಂಡವನ ಮನೆಗೂ ಬರುತ್ತದೆ. 2019ರ ಟಾಟಾ ಹ್ಯಾರಿಯರ್ ನಿಂತಿರುವುದು ಲ್ಯಾಂಡ್ ರೋವರ್ ಡಿಸ್ಕವರಿ ಸ್ಪೋರ್ಟ್‌ನ ತಳಹದಿಯಿಂದ ರೂಪಿಸಿದ ವಿನ್ಯಾಸದ ಮೇಲೆ. ಅದರ ಡೀಸೆಲ್ ಎಂಜಿನ್ ಫಿಯಟ್‌ನದು ಎಂಬುದು ಬೇರೆ ಮಾತು. ಗೀಲಿಯಂತೂ 2013ರಲ್ಲಿ ಯೊಟೆಬೊರಿಯಲ್ಲೇ ಸಂಶೋಧನಾ ಕೇಂದ್ರ ತೆರೆದು, ವೋಲ್ವೊದ ಎಂಜಿನಿಯರುಗಳ ಜೊತೆ ಸೇರಿ ಸಿಎಂಎ ಎಂಬ ತಳಹದಿ ಮಾಡಿಸಿತು. ವೋಲ್ವೊ ಎಕ್ಸ್‌ಸಿ40 ಮತ್ತು ಗೀಲಿಯ ಲಿಂಕ್ ಅಂಡ್ ಕೊ 01 ಎರಡೂ ಅದರ ಮೇಲೆಯೇ ಬಂದವು. 'ಗೀಲಿ ಗೀಲಿಯೇ, ವೋಲ್ವೊ ವೋಲ್ವೊವೇ' ಎಂಬ ಮಾತಿಗೆ ಅಲ್ಲಿಂದಲೇ ತಿದ್ದುಪಡಿ ಶುರುವಾಯಿತೆನ್ನಬಹುದು. ವೋಲ್ವೊದ ಈಗಿನ ಅತಿ ಸಣ್ಣ ವಿದ್ಯುತ್ ಕಾರು ಇಎಕ್ಸ್30 ಪೂರ್ತಿಯಾಗಿ ಗೀಲಿಯ ಎಸ್‌ಇಎ ತಳಹದಿಯದು. ಗೀಲಿ ಬಳಗದ ಜೀಕರ್ ಎಕ್ಸ್ ಮತ್ತು ಸ್ಮಾರ್ಟ್ ಸಂಸ್ಥೆಯ ಮೊದಲ ವಿದ್ಯುತ್ ಎಸ್‌ಯುವಿ ಅದರ ಒಡಹುಟ್ಟಿದವು. ಬ್ಯಾಟರಿ ಮತ್ತು ಸಾಫ್ಟ್‌ವೇರಿನ ಕಾಲದಲ್ಲಿ ಏಳು ಲಕ್ಷ ಕಾರು ಮಾರುವ ಕಂಪನಿ ಒಂಟಿಯಾಗಿ ತಳಹದಿ ಮಾಡಿಕೊಂಡು ಬದುಕುವುದು ಕಷ್ಟ. ಒಡೆಯನ ತಾಳ್ಮೆ ಕಡಿಮೆಯಾಗಿದ್ದರಿಂದಲ್ಲ, ಲೆಕ್ಕವೇ ಹಾಗಿರುವುದರಿಂದ ಅದು ಹತ್ತಿರ ಸರಿಯುತ್ತಿದೆ.

ಹತ್ತಿರ ಸರಿದಷ್ಟೂ ಒಡೆಯನ ಪೌರತ್ವದ ಬೆಲೆ ತೆರಬೇಕಾಗಿ ಬಂದಿರುವುದು ಈಚಿನ ಬೆಳವಣಿಗೆ. ಚೀನಾದಲ್ಲಿ ತಯಾರಾದ ವಿದ್ಯುತ್ ಕಾರುಗಳ ಮೇಲೆ ಐರೋಪ್ಯ ಒಕ್ಕೂಟ 2024ರ ಅಕ್ಟೋಬರಿನಿಂದ ಹೆಚ್ಚುವರಿ ಸುಂಕ ಹಾಕಿತು. ಗೀಲಿ ಸಮೂಹದ ಪಾಲಿಗೆ ಬಂದದ್ದು ಮಾಮೂಲಿ ಶೇ. 10ರ ಮೇಲೆ ಶೇ. 18.8. ಚೀನಾದಲ್ಲಿ ಮಾತ್ರ ತಯಾರಾಗುತ್ತಿದ್ದ ಇಎಕ್ಸ್30ನ ಉತ್ಪಾದನೆಯನ್ನು ವೋಲ್ವೊ 2025ರಲ್ಲಿ ಬೆಲ್ಜಿಯಮ್ಮಿನ ಗೆಂಟ್‌ನಲ್ಲೂ ಆರಂಭಿಸಿತು. ಸುಂಕದ ತೊಡಕಿಗೆ ಕಾರ್ಖಾನೆ ಬದಲಿಸುವುದು ಪರಿಹಾರ. ಅಮೆರಿಕದ ವಾಣಿಜ್ಯ ಇಲಾಖೆ 2025ರ ಜನವರಿಯಲ್ಲಿ ಅಂತಿಮಗೊಳಿಸಿದ ನಿಯಮಕ್ಕೆ ಆ ಪರಿಹಾರ ಸಾಲದು. ಇಂಟರ್ನೆಟ್ ಸಂಪರ್ಕವಿರುವ ಕಾರುಗಳಲ್ಲಿ ಚೀನಾ ಅಥವಾ ರಷ್ಯಾ ಮೂಲದ ಸಾಫ್ಟ್‌ವೇರನ್ನು 2027ರ ಮಾದರಿ ವರ್ಷದಿಂದ ಅದು ನಿಷೇಧಿಸುತ್ತದೆ. ಅಷ್ಟಕ್ಕೇ ನಿಲ್ಲದೆ, ಆ ದೇಶಗಳ ಒಡೆತನ ಅಥವಾ ಹಿಡಿತದಲ್ಲಿರುವ ತಯಾರಕರು ವಿಶೇಷ ಅನುಮತಿಯಿಲ್ಲದೆ ಅಂಥ ಕಾರುಗಳನ್ನು ಮಾರುವಂತಿಲ್ಲ, ಅವು ಅಮೆರಿಕದಲ್ಲೇ ತಯಾರಾಗಿದ್ದರೂ ಸರಿಯೇ. ವೋಲ್ವೊದ ಒಡಲಿನಿಂದ ಹುಟ್ಟಿ ಗೀಲಿಯ ಬಳಗದಲ್ಲೇ ಇರುವ ಪೋಲ್‌ಸ್ಟಾರ್, ಕರಡು ನಿಯಮದ ಹಂತದಲ್ಲೇ ಆಕ್ಷೇಪ ಸಲ್ಲಿಸಿ, ಹೀಗಾದರೆ ದಕ್ಷಿಣ ಕೆರೊಲಿನಾದ ಕಾರ್ಖಾನೆಯಲ್ಲಿ ತಯಾರಿಸುವ ತನ್ನ ಕಾರುಗಳನ್ನೂ ಅಮೆರಿಕದಲ್ಲಿ ಮಾರಲಾಗದು ಎಂದು ತಿಳಿಸಿತ್ತು. ಸಾಬ್‌ಗೆ ಹೊಸ ಕಾರು ಮಾಡುವ ಹಕ್ಕನ್ನು ನಿರಾಕರಿಸಿದ್ದು ಹಳೆಯ ಒಡೆಯ. ಇಲ್ಲಿ ಕಾರು, ಕಾರ್ಖಾನೆ, ತಳಹದಿ ಮೂರೂ ಕೈಯಲ್ಲಿದ್ದು, ಅವನ್ನು ಮಾರಬಹುದೋ ಇಲ್ಲವೋ ಎಂಬುದು ಈಗಿನ ಒಡೆಯ ಯಾರೆಂಬುದರ ಮೇಲೆ ನಿಂತಿದೆ.